ಯಾವ ಪಟ್ಟು ಮೇಲು?

ಬೇಸಿಗೆ ರಜೆ ಹತ್ತಿರವಾದಂತೆ ಬಳ್ಳಾರಿಯಲ್ಲಿ ಕರಾಟೆ, ಕುಂಗ್‌ಫು, ಟೇಕ್ವಾಂಡೊ ತರಗತಿಗಳ ಫ್ಲೆಕ್ಸುಗಳು ಏಳುತ್ತವೆ. ಅವುಗಳ ಬೆನ್ನಿಗೇ ಒಂದು ಹಳೆಯ ಪ್ರಶ್ನೆಯೂ ಏಳುತ್ತದೆ: ಇವುಗಳಲ್ಲಿ ಯಾವುದು ಮೇಲು? ಫೀಸು ಕಟ್ಟುವ ತಂದೆತಾಯಿ ಹೀಗೆ ಕೇಳಿದರೆ ತಪ್ಪೇನಿಲ್ಲ. ತಪ್ಪಿರುವುದು ಸಿಗುವ ಉತ್ತರಗಳಲ್ಲಿ. ಫೋನಿನಲ್ಲಿ ನೋಡಿದ ನಾಲ್ಕು ವಿಡಿಯೊಗಳ ಬಲದ ಮೇಲೆ ಚೀನಾದ ಇಂಥ ಶೈಲಿ ಅಂಥದ್ದನ್ನು ಸೋಲಿಸುತ್ತದೆ, ಅದು ನಮ್ಮ ಕುಸ್ತಿಯನ್ನು ಸೋಲಿಸುತ್ತದೆ ಎಂದು ಸಲೀಸಾಗಿ ತೀರ್ಪು ಕೊಟ್ಟುಬಿಡುತ್ತಾರೆ. ಹೊಡೆದಾಟದ ಶೈಲಿಗಳನ್ನು ಹೋಲಿಸಬಾರದು ಎಂದು ನಾನು ಹೇಳುತ್ತಿಲ್ಲ. ಹೋಲಿಸುವ ಮೊದಲು ಎರಡು ಮಾತು ಕೇಳಬೇಕು: ಈ ಶೈಲಿ ಯಾವ ಕಟ್ಟಳೆಯೊಳಗೆ ಬೆಳೆಯಿತು? ಇದನ್ನು ಕಲಿಯುವವನ ಎದುರಿಗೆ ದಿನವೂ ಸೋಲಲು ಒಪ್ಪದ ಒಬ್ಬ ಮನುಷ್ಯ ನಿಲ್ಲುತ್ತಾನೆಯೇ? ಇವೆರಡನ್ನು ಬಿಟ್ಟು ಬರಿಯ ಪಟ್ಟುಗಳನ್ನು ಎದುರುಬದುರು ಇಟ್ಟು ತೂಗುವುದು ವ್ಯರ್ಥ ಕಸರತ್ತು.

ಚೀನಾದಿಂದಲೇ ಶುರುಮಾಡೋಣ. ದಕ್ಷಿಣದವರದು ಮುಷ್ಟಿ, ಉತ್ತರದವರದು ಕಾಲು ಎಂಬ ಮಾತು ಅಲ್ಲಿ ಗಾದೆಯಂತೆ ಚಾಲ್ತಿಯಲ್ಲಿದೆ. ಉತ್ತರದಲ್ಲಿ ವಿಶಾಲ ಬಯಲು, ಹಾಗಾಗಿ ಉದ್ದ ಹೆಜ್ಜೆ, ಎತ್ತರದ ಒದೆತ. ದಕ್ಷಿಣದಲ್ಲಿ ದೋಣಿ, ಇಕ್ಕಟ್ಟಾದ ಬೀದಿ, ಹಾಗಾಗಿ ಗಟ್ಟಿ ನಿಲುವು, ಗಿಡ್ಡ ಹೊಡೆತ ಎಂಬುದು ವಿವರಣೆ. ಕೇಳಲು ಚೆನ್ನಾಗಿದೆ. ಆದರೆ ಹೆಬೈ ಪ್ರಾಂತ್ಯದ ಬಾಜಿ ಮೊಣಕೈ, ಭುಜದಿಂದ ಮೈಗೆ ಮೈ ತಾಗಿಸಿ ಹೊಡೆಯುವ ಶೈಲಿ. ಶಾನ್‌ಶಿ ಮತ್ತು ಹೆಬೈಗಳ ಶಿಂಗ್‌ಯಿಯಲ್ಲಿ ನೇರ ಮುಷ್ಟಿಗೇ ಪ್ರಾಧಾನ್ಯ. ಎರಡೂ ಅಪ್ಪಟ ಉತ್ತರದವು. ಒಳಗಿನ ಬಲ, ಹೊರಗಿನ ಬಲ ಎಂಬ ಇನ್ನೊಂದು ವಿಂಗಡಣೆಯ ಕತೆಯೂ ಇಷ್ಟೇ. ಅದು ಮೊದಲು ಸ್ಪಷ್ಟವಾಗಿ ಕಾಣುವುದು 1669ರಲ್ಲಿ ಹುಆಂಗ್ ಝೊಂಗ್‌ಶಿ ಎಂಬ ವಿದ್ವಾಂಸ ಬರೆದ ಒಂದು ಸಮಾಧಿಲೇಖದಲ್ಲಿ. ಆತ ಮಂಚು ಆಳ್ವಿಕೆಯನ್ನು ವಿರೋಧಿಸಿದವನು. ಹೊರಗಿನಿಂದ ಬಂದ ಬೌದ್ಧರ ಶಾವೊಲಿನ್‌ಗಿಂತ ದೇಶೀ ತಾವೊ ಪಂಥದ ವಿದ್ಯೆ ಮೇಲು ಎಂಬ ಅವನ ಮಾತಿನಲ್ಲಿ ಕೆಲವು ಇತಿಹಾಸಕಾರರಿಗೆ ಕಾಳಗಕ್ಕಿಂತ ರಾಜಕೀಯವೇ ಹೆಚ್ಚು ಕಂಡಿದೆ. 1928ರಲ್ಲಿ ನಾನ್‌ಜಿಂಗ್‌ನಲ್ಲಿ ಆರಂಭವಾದ ರಾಷ್ಟ್ರೀಯ ಸಮರಕಲಾ ಸಂಸ್ಥೆ ಇದೇ ವಿಂಗಡಣೆಯಂತೆ ವುಡಾಂಗ್, ಶಾವೊಲಿನ್ ಎಂದು ಎರಡು ವಿಭಾಗ ಮಾಡಿಕೊಂಡು, ಒಳಜಗಳ ತಾಳಲಾರದೆ ಬೇಗನೆ ಅದನ್ನು ಕೈಬಿಟ್ಟಿತು. ಇನ್ನು, ಬೋಧಿಧರ್ಮ ಇಲ್ಲಿಂದ ಹೋಗಿ ಅವರಿಗೆಲ್ಲ ಕಲಿಸಿದ ಎಂಬ ನಮ್ಮ ಹೆಮ್ಮೆಗೆ ಆಧಾರವಾದ ಗ್ರಂಥ ಹುಟ್ಟಿದ್ದೇ ಆತ ಹೋದನೆನ್ನುವ ಕಾಲದಿಂದ ಸಾವಿರ ವರ್ಷ ಕಳೆದ ಮೇಲೆ.

ಸರಿಯಾಗಿ ಹೋಲಿಸಿದವನೂ ಒಬ್ಬನಿದ್ದ. 16ನೆಯ ಶತಮಾನದಲ್ಲಿ ಕಡಲ್ಗಳ್ಳರ ವಿರುದ್ಧ ಹೋರಾಡಿದ ಸೇನಾನಿ ಚೀ ಜಿಗುವಾಂಗ್ ತನ್ನ ಕಾಲದ ಹಲವು ಶೈಲಿಗಳನ್ನು ನೋಡಿ, ಒಂದೊಂದೂ ಅರೆಬರೆ ಎಂದು ಕಂಡುಕೊಂಡು, ಅವುಗಳಿಂದ 32 ಭಂಗಿಗಳನ್ನು ಆಯ್ದು ಬರೆದಿಟ್ಟ. ಬರಿಗೈ ಕಾಳಗ ರಣರಂಗದಲ್ಲಿ ಅಷ್ಟಾಗಿ ಕೆಲಸಕ್ಕೆ ಬಾರದು, ಆದರೆ ಹೊಸಬನ ಕೈಕಾಲು ಪಳಗಿಸಲು ಅದೇ ಮೊದಲ ಮೆಟ್ಟಿಲು ಎಂಬುದು ಅವನ ನಿಲುವು. ಅವನಿಗೆ ಬೇಕಾದದ್ದು ರೈತರನ್ನೂ ಗಣಿಯ ಆಳುಗಳನ್ನೂ ಸಿಪಾಯಿಗಳನ್ನಾಗಿಸುವ ದಾರಿ. ಉದ್ದೇಶ ಖಚಿತವಾಗಿತ್ತು, ಆದ್ದರಿಂದ ಹೋಲಿಕೆಗೂ ಅರ್ಥವಿತ್ತು.

ಕಟ್ಟಳೆ ಬದಲಾದರೆ ವಿದ್ಯೆಯೇ ಬೇರೆಯಾಗುತ್ತದೆ ಎಂಬುದಕ್ಕೆ ಚೀನಾದವರೆಗೆ ಹೋಗುವುದೂ ಬೇಡ. 2021ರವರೆಗೆ ಬಳ್ಳಾರಿ ಜಿಲ್ಲೆಯಲ್ಲೇ ಇದ್ದ ಹಂಪಿ ಸಾಕು. 1520ರ ಸುಮಾರಿಗೆ ಮಹಾನವಮಿ ನೋಡಿದ ಪೋರ್ಚುಗೀಸ್ ಪ್ರವಾಸಿ ಪಾಯೆಸ್, ಇಲ್ಲಿನ ಜಟ್ಟಿಕಾಳಗ ತಮ್ಮ ದೇಶದ್ದರಂತಲ್ಲ ಎಂದು ಬೆರಗಾಗುತ್ತಾನೆ. ಹಲ್ಲು ಮುರಿಯುವಂಥ, ಕಣ್ಣು ಹೋಗುವಂಥ ಏಟುಗಳು. ಮಾತು ನಿಂತವರನ್ನು ಗೆಳೆಯರು ಹೊತ್ತೊಯ್ಯುತ್ತಿದ್ದರು. ಜೊತೆಗೆ ಒಳ್ಳೆಯ ಎತ್ತಿಹಾಕುವಿಕೆಯೂ ಇತ್ತು. ಆದರೆ ಅವನ ಬರಹದಲ್ಲಿ ನಮ್ಮ ಕಣ್ಣು ನಿಲ್ಲಬೇಕಾದದ್ದು ಬೇರೆ ಕಡೆ: ಸರಿಸಮನಾಗಿ ಜೋಡಿ ನಿಲ್ಲಿಸಲು, ಗೆದ್ದವನಿಗೆ ಮನ್ನಣೆ ಕೊಡಿಸಲು ಅಲ್ಲಿ ನಾಯಕರೂ ತೀರ್ಪುಗಾರರೂ ಇದ್ದರು. ಮುಂದೆ ಒಂದೂವರೆ ದಶಕದ ಅಂತರದಲ್ಲಿ ಬರೆದ ಇನ್ನೊಬ್ಬ ಪೋರ್ಚುಗೀಸ್ ನ್ಯೂನಿಜ್ ಹೇಳುವುದು ಇನ್ನೂ ವಿಚಿತ್ರ. ಮೊನೆಗಳಿದ್ದ ಬಳೆಯಂಥ ಆಯುಧ ಹಿಡಿದು ಜಟ್ಟಿಗಳು ಒಬ್ಬರನ್ನೊಬ್ಬರು ಗಾಯಗೊಳಿಸುತ್ತಿದ್ದರಂತೆ, ಹೆಚ್ಚು ಗಾಯಗೊಂಡವನೇ ಹೋಗಿ ರೇಷ್ಮೆ ಬಟ್ಟೆಯ ಉಡುಗೊರೆ ಪಡೆಯುತ್ತಿದ್ದನಂತೆ! ಈಗ ಮೈಸೂರಿಗೆ ಬನ್ನಿ. ವಿಜಯನಗರದ ಮಹಾನವಮಿಯ ಪರಂಪರೆಯನ್ನು ಒಡೆಯರು 1610ರಿಂದ ಶ್ರೀರಂಗಪಟ್ಟಣದಲ್ಲಿ ಮುಂದುವರಿಸಿದರು. ಇಂದಿಗೂ ವಿಜಯದಶಮಿಯ ದಿನ ಅರಮನೆಯಲ್ಲಿ ವಜ್ರಮುಷ್ಟಿ ಕಾಳಗ ನಡೆಯುತ್ತದೆ. ಅಲ್ಲಿ ಬೋಳಿಸಿದ ತಲೆಯಿಂದ ಮೊದಲ ಹನಿ ರಕ್ತ ಚಿಮ್ಮಿತೋ, ಕಾಳಗ ಮುಗಿಯಿತು, ಸೆಕೆಂಡುಗಳ ಲೆಕ್ಕ. ನ್ಯೂನಿಜ್ ಕಂಡದ್ದು ಸರಿಯಾಗಿದ್ದರೆ ಇಲ್ಲಿ ಮೂರು ಕಟ್ಟಳೆಗಳಿವೆ. ಕೆಡಹುವವನಿಗೆ ಮನ್ನಣೆಯಿದ್ದಲ್ಲಿ ಜಟ್ಟಿ ಹಿಡಿತ ಕಲಿಯುತ್ತಾನೆ. ಗಾಯಕ್ಕೇ ರೇಷ್ಮೆ ಸಿಗುವಲ್ಲಿ ತಡೆದುಕೊಳ್ಳುವುದನ್ನು ಕಲಿಯುತ್ತಾನೆ. ಮೊದಲ ರಕ್ತಕ್ಕೆ ಆಟ ನಿಲ್ಲುವಲ್ಲಿ ತಲೆ ಕಾಯುವುದನ್ನೂ ಮಿಂಚಿನಂತೆ ಒಂದೇ ಏಟು ಹಾಕುವುದನ್ನೂ ಕಲಿಯುತ್ತಾನೆ. ಕೊನೆಯ ಎರಡರಲ್ಲಿ ಆಯುಧ ಹೆಚ್ಚುಕಡಿಮೆ ಒಂದೇ, ಮೂರಕ್ಕೂ ಹಬ್ಬ ಒಂದೇ. ಇವರಲ್ಲಿ ಮೇಲಿನವರು ಯಾರು ಎಂದು ಕೇಳುವವರು, ಯಾರ ಕಟ್ಟಳೆಯಂತೆ ಎಂಬುದನ್ನೂ ಹೇಳಬೇಕಾಗುತ್ತದೆ.

ಸಿರುಗುಪ್ಪ, ಕುರುಗೋಡು ಕಡೆಯ ಹಳ್ಳಿಗಳಲ್ಲಿ ಹಬ್ಬ, ಜಾತ್ರೆಗಳ ನೆಪದಲ್ಲಿ ನಡೆಯುವ ಬಯಲು ಕುಸ್ತಿಯನ್ನೂ ಇದೇ ಕಣ್ಣಿನಿಂದ ನೋಡಬೇಕು. ಹದಮಾಡಿದ ಮಣ್ಣು, ಹಿರಿಯರ ಕಣ್ಣಳತೆಯಲ್ಲೇ ಕಟ್ಟಿದ ಜೋಡಿ, ಗೆದ್ದವನಿಗೆ ಬೆಳ್ಳಿ ಕಡಗ. ಬೆನ್ನು ನೆಲಕ್ಕೆ ತಾಗಿಸಿ ಚಿತ್ ಮಾಡಿದರೆ ಗೆಲುವು, ಇಲ್ಲದಿದ್ದರೆ ಇಲ್ಲ. ಮ್ಯಾಟ್ ಮೇಲಿನ ಫ್ರೀಸ್ಟೈಲಿನಲ್ಲಿ ಮೂರು ಮೂರು ನಿಮಿಷದ ಎರಡು ಸುತ್ತು, ಗೆರೆ ದಾಟಿಸಿದರೂ ಅಂಕ, ಹತ್ತು ಅಂಕದ ಮುನ್ನಡೆ ಸಿಕ್ಕರೆ ಚಿತ್ ಮಾಡದೆಯೂ ಜಯ. ಮಣ್ಣಿನ ಪೈಲ್ವಾನ್ ಕಾಯುತ್ತಾನೆ, ಎದುರಾಳಿಯ ಉಸಿರು ಸೋಲಿಸುತ್ತಾನೆ. ಮ್ಯಾಟಿನವನಿಗೆ ಕಾಯಲು ಹೊತ್ತಿಲ್ಲ. ಮಣ್ಣಿನಲ್ಲಿ ಬೆಳೆದ ಖಾಶಾಬಾ ಜಾಧವ್ 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಮ್ಯಾಟಿಗೆ ಹೊಸಬರಾಗಿ ಆರನೆಯ ಸ್ಥಾನಕ್ಕೆ ತೃಪ್ತಿಪಟ್ಟರು. 1952ರ ಹೆಲ್ಸಿಂಕಿಯಲ್ಲಿ ಕಂಚು ತಂದರು. ನಡುವಿನ ನಾಲ್ಕು ವರ್ಷಗಳಲ್ಲಿ ಭಾರತದ ಕುಸ್ತಿ ಮೇಲಾಗಲಿಲ್ಲ, ಕಟ್ಟಳೆ ಜಾಧವ್ ಅವರ ಮೈಗೆ ಹತ್ತಿತು.

ಇದಕ್ಕೆ ಒಂದು ಗಟ್ಟಿ ಆಕ್ಷೇಪವಿದೆ, ಅದನ್ನು ಸುಲಭಕ್ಕೆ ತಳ್ಳಿಹಾಕಲಾಗದು. ಎಲ್ಲವೂ ಕಟ್ಟಳೆಯದೇ ಆಟವಾದರೆ, ಕಟ್ಟಳೆ ಸಡಿಲವಾದಲ್ಲೆಲ್ಲ ಕೆಲವೇ ಶೈಲಿಗಳು ಗೆಲ್ಲುವುದೇಕೆ? 1993ರಲ್ಲಿ ಅಮೆರಿಕದ ಡೆನ್ವರ್‌ನಲ್ಲಿ ಬೇರೆ ಬೇರೆ ವಿದ್ಯೆಗಳವರನ್ನು ಒಂದೇ ಕಣಕ್ಕೆ ಬಿಟ್ಟಾಗ ರಾಯ್ಸ್ ಗ್ರೇಸಿ ಎಂಬ ಸಾಧಾರಣ ಮೈಕಟ್ಟಿನ ಬ್ರೆಜಿಲ್ ಯುವಕ ಒಂದೇ ರಾತ್ರಿ ಮೂವರನ್ನು ಸೋಲಿಸಿದ. 2017ರಲ್ಲಿ ಚೆಂಗ್ಡುವಿನಲ್ಲಿ ಮಿಶ್ರ ಸಮರಕಲೆಯ ಪಟು ಶೂ ಶಿಯಾವೊಡಾಂಗ್ ತಾಯ್‌ಚಿ ಗುರುವೊಬ್ಬನನ್ನು ಅರೆ ನಿಮಿಷವೂ ಹಿಡಿಯದೆ ಕೆಡವಿದ. ಇದು ಶೈಲಿಯ ಗೆಲುವಲ್ಲವೇ? ಅರ್ಧ ಮಾತ್ರ. ಗ್ರೇಸಿ ಮನೆತನದ ವಿದ್ಯೆಯ ಬೇರು ಜಪಾನಿನ ಜೂಡೊದಲ್ಲಿದೆ. 1882ರಲ್ಲಿ ಜೂಡೊ ಶಾಲೆ ತೆರೆದ ಜಿಗೊರೊ ಕಾನೊ ಮಾಡಿದ್ದೇನು? ಹಳೆಯ ವಿದ್ಯೆಯಲ್ಲಿದ್ದ ಅಪಾಯಕಾರಿ ಪಟ್ಟುಗಳನ್ನು ಮುಕ್ತ ಅಭ್ಯಾಸದಿಂದ ಹೊರಗಿಟ್ಟ. ವಿದ್ಯೆ ಸೌಮ್ಯವಾಯಿತು ಎಂದು ತೋರುತ್ತದೆ. ಆದರೆ ಅಪಾಯ ಹೋದದ್ದರಿಂದಲೇ ಉಳಿದ ಪಟ್ಟುಗಳನ್ನು ಪೂರ್ಣ ಬಲದಿಂದ, ಬಿಡಿಸಿಕೊಳ್ಳಲು ಒದ್ದಾಡುವವನ ಮೇಲೆ, ದಿನವೂ ಹಾಕಬಹುದಾಯಿತು. ನಮ್ಮ ಗರಡಿ ಮನೆಯೂ ಹೀಗೆಯೇ. ಅಲ್ಲಿ ದಂಡ, ಬಸ್ಕಿ ಮುಗಿದ ಮೇಲೆ ಮಣ್ಣಿಗಿಳಿದು ಸರಿಜೋಡಿಯ ಜೊತೆ ಹಿಡಿದಾಡದೆ ಯಾರೂ ಪೈಲ್ವಾನ್ ಆಗುವುದಿಲ್ಲ. ವಸ್ತಾದನ ಮಗನಾದರೂ ಅಷ್ಟೇ. ಚೆಂಗ್ಡುವಿನಲ್ಲಿ ಸೋತದ್ದು ಈ ಒದ್ದಾಟ ಕಾಣದ ಅಭ್ಯಾಸ. ಅದರಿಂದ ತಾಯ್‌ಚಿ ಮುಪ್ಪಿನವರ ಮೈಗೆ ಒಳ್ಳೆಯದಲ್ಲ ಎಂದೇನೂ ಸಾಬೀತಾಗುವುದಿಲ್ಲ. 'ನಮ್ಮದು ಕೊಲ್ಲುವ ವಿದ್ಯೆ, ಅದಕ್ಕೇ ಕಣದಲ್ಲಿ ತೋರಿಸಲಾಗದು' ಎನ್ನುವ ಗುರುಗಳಿಗೆ ದೂರದಿಂದಲೇ ನಮಸ್ಕಾರ.

ಕಣದಲ್ಲಿ ನಿಜವಾಗಿ ತೋರಿಸಿದಾಗ ಏನಾಗುತ್ತದೆ ಎಂಬುದಕ್ಕೆ 1954ರ ಜನವರಿಯಲ್ಲಿ ಮಕಾವುನಲ್ಲಿ ನಡೆದ ಪಂದ್ಯವಿದೆ. ತಾಯ್‌ಚಿಯ ವು ಗೊಂಗ್‌ಯಿ, ಬಿಳಿ ಕೊಕ್ಕರೆ ಶೈಲಿಯ ಚೆನ್ ಕೆಫು. ಎರಡನೆಯ ಸುತ್ತಿನಲ್ಲೇ ಪಂದ್ಯ ನಿಂತಿತು, ಗೆದ್ದವರು ಯಾರೂ ಇಲ್ಲ. ಅದರ ಕಾವು ಆರುವ ಮೊದಲೇ ಹಾಂಗ್‌ಕಾಂಗ್‌ನ ಪತ್ರಿಕೆಯೊಂದು ಲಿಯಾಂಗ್ ಯೂಶೆಂಗ್ ಅವರಿಂದ ಕಾಳಗದ ಧಾರಾವಾಹಿ ಬರೆಸಿತು. ಚೀನೀ ಸಾಹಸ ಕಾದಂಬರಿಯ ಹೊಸ ಯುಗ ಅಲ್ಲಿಂದ ಶುರು. ಶೈಲಿಗಳ ಬಗ್ಗೆ ಇಂದು ನಾವು ಆಡುವ ಮಾತುಗಳಲ್ಲಿ ಎಷ್ಟೋ ಅಂಥ ಕಾದಂಬರಿ ಮತ್ತು ಅವುಗಳ ಹಿಂದೆ ಬಂದ ಸಿನಿಮಾಗಳಿಂದ ಬಂದವು.

ಬೀದಿಯಲ್ಲಿ ಕಟ್ಟಳೆ ಎಲ್ಲಿದೆ ಎಂದು ಕೆಲವರು ಕೇಳುತ್ತಾರೆ. ತೀರ್ಪುಗಾರನಿಲ್ಲ ನಿಜ, ಆದರೆ ಜಾಗ, ಜನ, ಕೈಗೆ ಸಿಕ್ಕ ವಸ್ತು ಎಲ್ಲವೂ ಸೇರಿ ಅಲ್ಲಿಯೂ ಒಂದು ಕಟ್ಟಳೆಯನ್ನು ಕಟ್ಟುತ್ತವೆ. ಓಬವ್ವನ ಕತೆಯಲ್ಲಿ ಹೈದರಾಲಿಯ ಸಿಪಾಯಿಗಳು ಒಬ್ಬೊಬ್ಬರಾಗಿ ನುಸುಳಬೇಕಾದ ಕಿಂಡಿಯಿತ್ತು, ಆಕೆಗೆ ರೂಢಿಯಿದ್ದ ಒನಕೆಯಿತ್ತು. ಅದೇ ಒನಕೆಯನ್ನು ಬಯಲಿನಲ್ಲಿ ಎತ್ತಿದ್ದರೆ ಕತೆ ಬೇರೆ. ಆಕೆಯ ಹೆಸರಿನಲ್ಲೇ ಈಗ ರಾಜ್ಯದ ವಿದ್ಯಾರ್ಥಿನಿಲಯಗಳ ಹುಡುಗಿಯರಿಗೆ ಆತ್ಮರಕ್ಷಣೆಯ ತರಬೇತಿ ಕೊಡುತ್ತಾರೆ. ಹೆಣ್ಣುಮಕ್ಕಳಿಗೆ ಇದು ಹೊಸದೇನಲ್ಲ. ವಿಜಯನಗರದ ಅರಮನೆಯಲ್ಲಿ ಕುಸ್ತಿಯಾಡುವ ಹೆಂಗಸರಿದ್ದರು ಎಂದು ನ್ಯೂನಿಜ್ ಬರೆದಿದ್ದಾನೆ. ಈ ತರಬೇತಿ ಕರಾಟೆಯೋ ಕುಂಗ್‌ಫುವೋ ಎಂಬ ಚರ್ಚೆಗಿಂತ ಮೊದಲು ಕೇಳಬೇಕಾದದ್ದು, ಅಂಗಳದಲ್ಲಿ ಸಾಲಾಗಿ ನಿಂತು ಗಾಳಿಗೆ ಗುದ್ದುವುದರಲ್ಲೇ ತಿಂಗಳುಗಳು ಕಳೆದುಹೋಗುತ್ತವೆಯೇ, ಅಥವಾ ತನಗಿಂತ ಬಲವಾದವರೊಬ್ಬರು ನಿಜವಾಗಿಯೇ ಮಣಿಕಟ್ಟು ಹಿಡಿದು, ಬಿಡದೆ ಎಳೆಯುವಾಗ ಬಿಡಿಸಿಕೊಳ್ಳುವ ಅಭ್ಯಾಸ ಆ ಹುಡುಗಿಗೆ ವಾರಕ್ಕೊಮ್ಮೆಯಾದರೂ ಸಿಗುತ್ತಿದೆಯೇ ಎಂಬುದು.