ಬೆಟ್ಟಕ್ಕೆ ಯಾವ ಕ್ರಿಯಾಪದ?

ಯಾರಾದರೂ ದೊಡ್ಡ ಶಿಖರದ ತುದಿ ಮುಟ್ಟಿದರೆ ನಮ್ಮ ಪತ್ರಿಕೆಗಳ ತಲೆಬರಹದಲ್ಲಿ ಅವರು ಅದನ್ನು 'ಜಯಿಸುತ್ತಾರೆ'. ದೆಹಲಿಯಲ್ಲಿರುವವರು ಹಿಂದಿಯ 'ಫತಹ್' ಕೇಳಿರುತ್ತೀರಿ. ಪುಣೆ, ಮುಂಬೈಯವರಿಗೆ ಮರಾಠಿಯ 'ಸರ್ ಕೇಲಂ' ಗೊತ್ತು. ಮರಾಠಿಗೆ ಒಂದು ಕಾರಣವಾದರೂ ಇದೆ. ಸಹ್ಯಾದ್ರಿಯ ಎಷ್ಟೋ ಬೆಟ್ಟಗಳ ಮೇಲೆ ಕೋಟೆಗಳಿವೆ, ಅವನ್ನು ಕಾದಾಡಿಯೇ ಹಿಡಿಯುತ್ತಿದ್ದರು. ಕೋಟೆಯಾಗಲಿ ಕಾವಲಾಗಲಿ ಇಲ್ಲದ ಬಂಡೆಯನ್ನು ಗೆಲ್ಲುವುದೆಂದರೆ ಏನು? ಅನುವಾದವೇ ನನ್ನ ಕಸುಬಾದ್ದರಿಂದ ಈ ಪ್ರಶ್ನೆಗೆ ಪ್ರತಿ ಸಲವೂ ಒಂದು ಪದದಲ್ಲಿ ಉತ್ತರ ಕೊಡಬೇಕಾಗುತ್ತದೆ. ಬೆಟ್ಟದ ಬರಹದಿಂದ 'ಗೆಲ್ಲು', 'ಜಯಿಸು'ಗಳನ್ನು ಕೈಬಿಡಬೇಕು ಎನ್ನುವುದು ನನ್ನ ವಾದ. ಅದಕ್ಕೆ ನಾರ್ವೆಯ ಒಂದು ಬೆಟ್ಟವನ್ನು ಸಾಕ್ಷಿಗೆ ಕರೆಯುತ್ತೇನೆ.

ಸ್ಟೆಟಿಂಡ್ ಇರುವುದು ನಾರ್ವೆಯ ಉತ್ತರ ತುದಿಯ ಕಡೆ, ಆರ್ಕ್ಟಿಕ್ ವೃತ್ತದಿಂದಲೂ ಆಚೆ. ಎತ್ತರ 1,392 ಮೀಟರ್. ಅಂದರೆ ನಮ್ಮ ಮುಳ್ಳಯ್ಯನಗಿರಿಗಿಂತ ಐನೂರು ಮೀಟರಿಗೂ ಹೆಚ್ಚು ಕುಳ್ಳು. ಆದರೆ ಅದು ಎದ್ದಿರುವುದು ಕಡಲಿನ ಅಂಚಿನಿಂದಲೇ. ಬೆಟ್ಟಗಳ ನಡುವೆ ಉದ್ದಕ್ಕೂ ಒಳನುಗ್ಗಿದ ಕಡಲತೋಳಿನ ಪಕ್ಕದಲ್ಲಿ, ಹುಲ್ಲೂ ಹಿಡಿಯದ ಗ್ರಾನೈಟಿನ ಕಂಬ. ತುದಿ ಮಾತ್ರ ಚಪ್ಪಟೆ, ಕಮ್ಮಾರ ಕಾದ ಕಬ್ಬಿಣ ಇಟ್ಟು ಬಡಿಯುವ ಅಡಿಗಲ್ಲಿನ ಹಾಗೆ. ಹೆಸರಿನ ಅರ್ಥವೂ ಅದೇ, ಅಡಿಗಲ್ಲಿನ ಶಿಖರ. 2002ರಲ್ಲಿ ರೇಡಿಯೊ ಕೇಳುಗರು ಮತ ಹಾಕಿ ಇದನ್ನು ನಾರ್ವೆಯ ರಾಷ್ಟ್ರೀಯ ಬೆಟ್ಟವಾಗಿ ಆರಿಸಿದರು.

ಇದನ್ನು ಹತ್ತಲು 1888ರಲ್ಲಿ ಜರ್ಮನಿಯ ಪೌಲ್ ಗ್ಯುಸ್‌ಫೆಲ್ಟ್ ಬಂದರು, ಆಗಲಿಲ್ಲ. ಮರುವರ್ಷ ಡೆನ್ಮಾರ್ಕಿನ ಕಾರ್ಲ್ ಹಾಲ್ ಬಂದರು. ಮುಖ್ಯ ಶಿಖರಕ್ಕೆ ಮುಂಚೆ ಸಿಗುವ, 1,314 ಮೀಟರಿನ ಒಂದು ಮುಂದುದಿಯವರೆಗೆ ಹೋಗಿ, ಅಲ್ಲಿ ಕಲ್ಲುಗುಪ್ಪೆ ಕಟ್ಟಿ, ಹಿಂದಿರುಗಿದರು. 1904ರಲ್ಲಿ ಇಂಗ್ಲೆಂಡಿನ ವಿಲಿಯಂ ಸ್ಲಿಂಗ್ಸ್‌ಬಿ ಅವರಿಗೂ ತುದಿ ಸಿಗಲಿಲ್ಲ. ಕೊನೆಗೆ 1910ರ ಜುಲೈ 30ರಂದು ಫರ್ಡಿನಾಂಡ್ ಶೆಲ್ಡೆರುಪ್, ಕಾರ್ಲ್ ವಿಲ್ಹೆಲ್ಮ್ ರುಬೆನ್ಸನ್, ಆಲ್ಫ್ ಬ್ರಿನ್ ಮೂವರೂ ಮೇಲೆ ನಿಂತರು. ಅವರು ದಾಟಿದ ಕಠಿಣ ಜಾಗಕ್ಕೆ 'ಮ್ಯುಸೊಸ್ಟ್' ಎಂದು ಹೆಸರು. ಅದು ನಾರ್ವೆಯವರು ತಿನ್ನುವ ಕಂದು ಚೀಸಿನ ಹೆಸರು. ಕಿರಿದಾದ ಏಣಿನ ಮೇಲೆ ಚೀಸಿನ ಗಟ್ಟಿಯಂತೆ ಕೂತ ಆ ಬಂಡೆಯನ್ನು ಕೈಬೆರಳುಗಳಲ್ಲಿ ಜೋತುಬಿದ್ದು ಮಗ್ಗುಲಿಗೆ ಸರಿದು ದಾಟಬೇಕು. ಕೆಳಗೆ ಬರೀ ಗಾಳಿ.

ಈ ಮೂವರು 'ಗೆದ್ದರು' ಎಂದು ಬರೆದ ಕೂಡಲೇ ಹಾಲ್ 'ಸೋತರು' ಎಂದಾಗುತ್ತದೆ. ಆದರೆ ಆ ಮುಂದುದಿಗೆ ಇವತ್ತಿಗೂ ಹಾಲ್ ಹೆಸರೇ ಇದೆ. ಮಾಮೂಲಿ ದಾರಿಯಲ್ಲಿ ಹೋಗುವವರು ಅದನ್ನು ದಾಟಿಯೇ ಮುಂದೆ ಹೋಗಬೇಕು. ಹಿಂದಿರುಗಿದವನ ಹೆಜ್ಜೆಯೂ ದಾರಿಯ ಭಾಗವೇ ಆಗಿದೆ.

ರುಬೆನ್ಸನ್ ಕಥೆ ಇನ್ನೂ ಮಾತಾಡುತ್ತದೆ. 1907ರಲ್ಲಿ ಅವರು ಮೊನ್ರಾಡ್ ಆಸ್ ಎಂಬ ಗೆಳೆಯನೊಡನೆ ಸಿಕ್ಕಿಂ ಗಡಿಯ ಕಬ್ರು ಶಿಖರಕ್ಕೆ ಹೋಗಿದ್ದರು. ಅದರ ಎತ್ತರ ಏಳು ಸಾವಿರ ಮೀಟರಿಗೂ ಮೇಲೆ. ತುದಿಗೆ ತೀರ ಹತ್ತಿರ ಹೋಗಿ, ಚಳಿಗಾಳಿಗೆ ಸಿಕ್ಕಿ, ಹೊತ್ತು ಮೀರುತ್ತಿದೆಯೆಂದು ತಿರುಗಿ ಬಂದರು. ಬಂದದ್ದರಿಂದಲೇ ಮೂರು ವರ್ಷದ ಮೇಲೆ ಸ್ಟೆಟಿಂಡ್ ತುದಿಯಲ್ಲಿ ನಿಲ್ಲಲು ಅವರಿದ್ದರು. ಇಂಥದ್ದನ್ನು ಸೋಲು ಎಂದು ಕನ್ನಡಕ್ಕೆ ತರಲು ನನ್ನ ಕೈ ಏಳುವುದಿಲ್ಲ.

ಪದಗಳ ಬಗ್ಗೆ ಇಷ್ಟು ತಲೆ ಕೆಡಿಸಿಕೊಳ್ಳಬೇಕೆ, ಪದದಿಂದ ಯಾರೂ ಜಾರಿ ಬೀಳುವುದಿಲ್ಲವಲ್ಲ ಎನ್ನಬಹುದು. ನಿಜ, ಜಾರಿಸುವುದು ಮಂಜು. ಆದರೆ ತಿರುಗಬೇಕೋ ಬೇಡವೋ ಎಂಬ ನಿರ್ಧಾರವನ್ನು ಮನುಷ್ಯ ಮಾತಿನಲ್ಲೇ ಮಾಡುತ್ತಾನೆ. 1996ರ ಮೇ 10ರಂದು ಎವರೆಸ್ಟಿನಲ್ಲಿ ಹಲವರು, ಹಿಂದಿರುಗಬೇಕಾದ ಹೊತ್ತು ಮೀರಿದ ಮೇಲೂ ಮೇಲಕ್ಕೇ ನಡೆದರು. ಅಂದು ಎದ್ದ ಬಿರುಗಾಳಿಗೆ ಎಂಟು ಜನ ಸತ್ತರು. ಕಾರಣಗಳು ಹಲವು ಇದ್ದವು. ಆದರೂ, ಇಷ್ಟು ದೂರ ಬಂದು ಬರಿಗೈಯಲ್ಲಿ ಹೋಗುವುದೇ ಎಂಬ ಸಂಕಟವನ್ನು ನಾವು ಪ್ರತಿ ತಲೆಬರಹದಲ್ಲೂ ಸ್ವಲ್ಪ ಸ್ವಲ್ಪ ಕೊಬ್ಬಿಸುತ್ತಿರುತ್ತೇವೆ. ಮನೆಯವರು, ಊರವರು, ಹಣ ಕೊಟ್ಟವರು ಎಲ್ಲರೂ ಓದುವುದು ಅದನ್ನೇ.

ತುದಿಯನ್ನೇ ಬೇಡವೆಂದವರೂ ಇದ್ದಾರೆ. ಸ್ಟೆಟಿಂಡನ್ನು ಹತ್ತಿದವರಲ್ಲಿ ಒಬ್ಬರಾದ ನಾರ್ವೆಯ ತತ್ವಜ್ಞಾನಿ ಅರ್ನೆ ನೆಸ್ 1971ರಲ್ಲಿ ಸಂಗಡಿಗರೊಂದಿಗೆ ನೇಪಾಳದ ಗೌರೀಶಂಕರಕ್ಕೆ ಹೋದರು. ಅಲ್ಲಿನ ಶೆರ್ಪಾಗಳಿಗೆ ಅದು ಪವಿತ್ರವಾದ ತ್ಸೆರಿಂಗ್ಮಾ. ಅದನ್ನು ಗೌರವಿಸಿ ಅವರು ತುದಿಗೆ ಹೋಗದೆಯೇ ಬಂದರು. ನಮಗೂ ಇದು ಹೊಸದಲ್ಲ. ಮಾದಪ್ಪನ ಬೆಟ್ಟಕ್ಕೆ ನಡೆದು ಬಂದವರು ಯಾರೂ ಬೆಟ್ಟ ಗೆದ್ದೆ ಅನ್ನುವುದಿಲ್ಲ. ಬೆಟ್ಟ ಹತ್ತಿದೆ ಅನ್ನುತ್ತಾರೆ.

ಆ 'ಹತ್ತು' ಎಂಥ ಪದ ನೋಡಿ. ಕೈಗೆ ಅಂಟು ಹತ್ತುತ್ತದೆ, ಸೌದೆಗೆ ಬೆಂಕಿ ಹತ್ತುತ್ತದೆ, ಕಣ್ಣಿಗೆ ನಿದ್ದೆ ಹತ್ತುತ್ತದೆ. ಧಾರವಾಡದ ಕಡೆ ಮಳೆ 'ಬರಾಕ ಹತ್ತೇತಿ'. ಒಂದಕ್ಕೊಂದು ತಾಗುವುದು, ಅಂಟಿಕೊಳ್ಳುವುದು, ಶುರುವಾಗುವುದು ಎಲ್ಲ ಅದರೊಳಗಿದೆ. ಇಲ್ಲಿ ಎದುರಾಳಿ ಬೇಕಾಗಿಲ್ಲ. ಮ್ಯುಸೊಸ್ಟ್ ಬಂಡೆಗೆ ಹತ್ತು ಬೆರಳಲ್ಲಿ ಅಂಟಿಕೊಂಡವನ ಕೆಲಸಕ್ಕೆ ಇದಕ್ಕಿಂತ ಸರಿಯಾದ ಕ್ರಿಯಾಪದ ನನಗೆ ಯಾವ ಭಾಷೆಯಲ್ಲೂ ಸಿಕ್ಕಿಲ್ಲ. ಜೊತೆಗೆ ಅದಕ್ಕೆ 'ಇಳಿ' ಎಂಬ ಜೋಡಿಯೂ ಇದೆ. 'ಗೆಲ್ಲು'ವಿಗೆ ಇರುವ ಜೋಡಿ 'ಸೋಲು' ಮಾತ್ರ.

ಹತ್ತಿದವರ ಸಂತೋಷವನ್ನು ಕಡಿಮೆ ಮಾಡುವ ಉದ್ದೇಶ ನನ್ನದಲ್ಲ. ತನ್ನ ಭಯವನ್ನು ಗೆದ್ದೆ ಎಂದು ಒಬ್ಬಳು ಹೇಳಿದರೆ ಆ ಪದವನ್ನು ನಾನು ಮುಟ್ಟುವುದಿಲ್ಲ, ಅದು ಅವಳ ಲೆಕ್ಕ. ಬೆಟ್ಟದ ವಿಷಯಕ್ಕೆ ಬಂದಾಗ ಮಾತ್ರ 'ಹತ್ತಿದರು', 'ತುದಿ ಮುಟ್ಟಿದರು', 'ಅರ್ಧದಿಂದ ಇಳಿದು ಬಂದರು' ಎಂದು ಬರೆಯುತ್ತೇನೆ. ಪತ್ರಿಕೆಯಲ್ಲಿ ಕೆಲಸ ಮಾಡುವ ಗೆಳೆಯರೂ ಮುಂದಿನ ಸಲ ಇದನ್ನೇ ಬಳಸಿ ನೋಡಲಿ. 'ಜಯಿಸಿದ' ತೆಗೆದು 'ಹತ್ತಿದ' ಎಂದು ಹಾಕಿದರೆ ತಲೆಬರಹದ ಜಾಗವೇನೂ ಹೆಚ್ಚಾಗುವುದಿಲ್ಲ.