ಮನೆಯೂಟದ ಹೊಗಳಿಕೆಗೊಂದು ತಕರಾರು

ಮದುವೆಯ ಪಂಕ್ತಿಯಲ್ಲಿ ಎರಡನೇ ಪಾಯಸ ಬರುವ ಹೊತ್ತಿಗೆ ನಮ್ಮ ಕಾಸರಗೋಡು ಕಡೆ ಒಂದು ಮಾತು ಹೊರಡುತ್ತದೆ: ಈಗಿನ ಮಕ್ಕಳಿಗೆ ಮನೆಯದ್ದು ಸೇರುವುದಿಲ್ಲ, ಹೋಟೆಲೇ ಆಗಬೇಕು. ಪಕ್ಕದ ಎಲೆಯವರು ಹೌದೆಂದು ತಲೆಯಾಡಿಸುತ್ತಾರೆ. ಇಬ್ಬರ ಎಲೆಯಲ್ಲಿರುವುದೂ ಹೊರಗಿನಿಂದ ಕರೆಸಿದ ಅಡುಗೆ ಭಟ್ಟರ ಕೈಯದ್ದೇ ಎಂದು ಆ ಹೊತ್ತಿನಲ್ಲಿ ನೆನಪಿಸುವುದು ಮರ್ಯಾದೆಯಾಗದು. ಆದರೆ ಮನೆಯ ಅಡುಗೆ ಎಂದರೆ ಆರೋಗ್ಯ, ಸಂಸ್ಕಾರ, ಪ್ರೀತಿ; ಹೊರಗಿನದ್ದು ಎಂದರೆ ರೋಗ, ದುಂದು, ಶೋಕಿ ಎಂಬ ಈ ತೀರ್ಪನ್ನು ಪಾಯಸದ ಜತೆ ನುಂಗಿಬಿಡುವುದು ನನಗೆ ಕಷ್ಟ.

ಆರೋಗ್ಯದ ವಾದವೇ ಇದರಲ್ಲಿ ಗಟ್ಟಿಯಾದದ್ದು. 2022ರ ಮೇ ತಿಂಗಳ ಮೊದಲ ದಿನ ಇದೇ ಜಿಲ್ಲೆಯ ಚೆರುವತ್ತೂರಿನಲ್ಲಿ ಶವರ್ಮ ತಿಂದ 16ರ ಹುಡುಗಿಯೊಬ್ಬಳು ತೀರಿಕೊಂಡಳು. ಹತ್ತಾರು ಮಂದಿ ಆಸ್ಪತ್ರೆ ಸೇರಿದರು, ಪರೀಕ್ಷೆಯಲ್ಲಿ ಶಿಗೆಲ್ಲಾ ರೋಗಾಣು ಸಿಕ್ಕಿತು. 2023ರ ಜನವರಿಯಲ್ಲಿ ಕೇರಳ ಸರಕಾರ ಇಂಥ ತಿನಿಸುಗಳ ಜತೆ ಕೊಡುವ ಹಸಿ ಮೊಟ್ಟೆಯ ಮಯೋನೈಸನ್ನು ನಿಷೇಧಿಸಿತು. ಪಾರ್ಸೆಲ್ ಪೊಟ್ಟಣದ ಮೇಲೆ ತಯಾರಾದ ಹೊತ್ತು, ಎಷ್ಟರೊಳಗೆ ತಿನ್ನಬೇಕು ಎಂಬ ಚೀಟಿ ಇರಲೇಬೇಕು ಎಂದಿತು. ಹೆತ್ತವರು ಹೆದರಿದ್ದರಲ್ಲಿ ತಪ್ಪೇನೂ ಇಲ್ಲ.

ಆದರೆ ಇದೇ ಜಿಲ್ಲೆಯ ಮೇಲುತುದಿಯಲ್ಲಿ ಎಣ್ಮಕಜೆ ಪಂಚಾಯತಿನ ಪಡ್ರೆ ಇದೆ. ಅಲ್ಲಿನ ಜನ ಹೋಟೆಲಿಗೆ ಹೋಗಿ ಆರೋಗ್ಯ ಕೆಡಿಸಿಕೊಂಡವರಲ್ಲ. ಗುಡ್ಡ ಕೊರೆದ ತಮ್ಮ ಸುರಂಗದ ನೀರು ಕುಡಿದರು, ತಮ್ಮ ಹಿತ್ತಿಲ ಸೊಪ್ಪು ಕೊಯ್ದರು, ತಮ್ಮ ಒಲೆಯಲ್ಲೇ ಬೇಯಿಸಿದರು. ಎಪ್ಪತ್ತರ ದಶಕದ ಕೊನೆಯಿಂದ 2000ದ ತನಕ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿಯಿತು. ಅಡುಗೆಮನೆಯ ಬಾಗಿಲು ಎಷ್ಟು ಗಟ್ಟಿಯಾಗಿ ಹಾಕಿಕೊಂಡರೂ ಅದು ಒಳಗೆ ಬಂತು. ಸುಪ್ರೀಂ ಕೋರ್ಟು ದೇಶಕ್ಕೇ ಅನ್ವಯಿಸುವಂತೆ ಅದನ್ನು ತಡೆದದ್ದು 2011ರಲ್ಲಿ. ಅನ್ನ ಚೊಕ್ಕಟವೋ ಅಲ್ಲವೋ ಎಂಬುದು ಹೊಸ್ತಿಲಿನಿಂದ ತೀರ್ಮಾನವಾಗುವುದಿಲ್ಲ. ಅದರ ಹಿಂದೆ ಯಾರ ಕೈಗಳಿವೆ, ಆ ಕೈಗಳನ್ನು ಯಾರು ನೋಡುತ್ತಿದ್ದಾರೆ ಎಂದು ಕೇಳಬೇಕು. ಹೋಟೆಲಿನ ಫ್ರಿಜ್ಜಿಗೆ ಇನ್‌ಸ್ಪೆಕ್ಟರರ ಭಯವಾದರೂ ಇದೆ. ನಮ್ಮ ಫ್ರಿಜ್ಜಿನಲ್ಲಿ ಮೊನ್ನೆಯಿಂದ ಕುಳಿತ ಸಾಂಬಾರನ್ನು ಕೇಳುವವರು ಯಾರು?

ಸಂಸ್ಕಾರದ ಮಾತು ಇನ್ನೂ ತೊಡಕಿನದು. ಯಾರು ಒಳಗೆ, ಯಾರು ಜಗಲಿಯಲ್ಲಿ, ಯಾರು ಅಂಗಳದಲ್ಲಿ ಎಂಬ ಅಳತೆಕೋಲು ಒಂದು ಕಾಲಕ್ಕೆ ಅಡುಗೆಮನೆಯಲ್ಲೇ ಇತ್ತು. ಜಾತಿ ಮೀರಿ ಜತೆಯಲ್ಲಿ ಕೂತು ಉಣ್ಣುವುದು ಎಷ್ಟು ದೊಡ್ಡ ಸಾಹಸವಾಗಿತ್ತೆಂದರೆ, 1917ರಲ್ಲಿ ಚೆರಾಯಿಯಲ್ಲಿ ಸುಧಾರಕ ಸಹೋದರನ್ ಅಯ್ಯಪ್ಪನ್ ಮಿಶ್ರಭೋಜನ ಏರ್ಪಡಿಸಿದ್ದು ಇಂದಿಗೂ ಕೇರಳದ ಚರಿತ್ರೆಯ ಪುಟ. ಹೋಟೆಲುಗಳೇನೂ ಹುಟ್ಟುತ್ತಲೇ ಉದಾರಿಗಳಲ್ಲ. ಬೋರ್ಡಿನಿಂದ ‘ಬ್ರಾಹ್ಮಣರ’ ಎಂಬ ಪದ ಅಳಿಸಿ ಎಂದು ಪೆರಿಯಾರರು ಮದರಾಸಿನಲ್ಲಿ 1957ರಲ್ಲೂ ಚಳವಳಿ ಮಾಡಬೇಕಾಯಿತು. ಆದರೂ ಬೆಂಚಿಗೆ ಒಂದು ಗುಣವಿದೆ: ಪಕ್ಕದಲ್ಲಿ ಕೂತವನ ಮನೆತನ ಅದು ವಿಚಾರಿಸುವುದಿಲ್ಲ. ಕನ್ನಡ, ಮಲಯಾಳ, ತುಳು, ಕೊಂಕಣಿ, ಬ್ಯಾರಿ, ಮರಾಠಿ ಮಾತಾಡುವವರು ಬೇಲಿಗೆ ಬೇಲಿ ತಾಗಿಸಿಕೊಂಡಿರುವ ಊರಿದು. ಬೇಲಿಯಾಚೆಯ ಮನೆಯಲ್ಲಿ ಏನು ಬೇಯುತ್ತದೆ ಎಂಬುದು ಎಷ್ಟೋ ಮಂದಿಗೆ ವಾಸನೆಯಿಂದ ಮಾತ್ರ ಗೊತ್ತಿತ್ತು. ಗೋಳಿಬಜೆಯನ್ನೂ ಪಳಂಪೊರಿಯನ್ನೂ ಒಂದೇ ಗಾಜಿನ ಪೆಟ್ಟಿಗೆಯಲ್ಲಿಟ್ಟು, ಯಾರು ಬೇಕಾದರೂ ಯಾವುದನ್ನೂ ಬೆರಳು ತೋರಿಸಿ ಕೇಳಬಹುದು ಎಂದು ಮಾಡಿದ್ದು ಚಾದಂಗಡಿ. 1956ರ ನವೆಂಬರ್ ಒಂದರಂದು ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ಭಾಷೆಯ ಜಗಳ ಎಷ್ಟು ಬಿಸಿಯಾಗಿದ್ದಾಗಲೂ ಮಲಯಾಳಿಗಳ ಪುಟ್ಟು ಕಡಲೆ ತಿನ್ನಬಾರದೆಂದು ಯಾವ ಕನ್ನಡಿಗನೂ ನಿರ್ಣಯ ಮಂಡಿಸಿದ್ದು ನಾನು ಕೇಳಿಲ್ಲ. ಮರುವರ್ಷ ಇಲ್ಲಿಂದ ಲೋಕಸಭೆಗೆ ಆರಿಸಿಹೋದ ಎ.ಕೆ. ಗೋಪಾಲನ್ ಅವರೇ, ಕಾಫಿ ಬೋರ್ಡು ತನ್ನ ಕಾಫಿ ಹೌಸುಗಳನ್ನು ಮುಚ್ಚಿದಾಗ ಕೆಲಸ ಕಳಕೊಂಡವರನ್ನು ಸಹಕಾರಿ ಸಂಘಗಳಾಗಿ ಕಟ್ಟಲು ಮುಂದೆ ನಿಂತವರು. ಬಡಿಸುವವನೇ ಒಡೆಯನಾದ ಹೋಟೆಲು ಆ ಕಾಫಿ ಹೌಸು. ಅಲ್ಲಿ ಮಸಾಲೆದೋಸೆಯೊಳಗೆ ಬೀಟ್‌ರೂಟ್ ತುಂಬಿದ್ದನ್ನು ಮಾತ್ರ ನಾನಿನ್ನೂ ಕ್ಷಮಿಸಿಲ್ಲ.

ಹಾಗಾದರೆ ಹೋಟೆಲಿಗೇ ಜಯವೆ? ಇಲ್ಲ, ಯಾಕೆಂದರೆ ಹೊರಗೆ ತಿನ್ನುವುದರಲ್ಲಿ ಇದ್ದ ಸಾಹಸ ಈಗ ಬಹಳ ಉಳಿದಿಲ್ಲ. ಮಂಜೇಶ್ವರದಿಂದ ತೃಕ್ಕರಿಪುರದ ವರೆಗೆ ಹೆದ್ದಾರಿಯ ಬದಿಯಲ್ಲಿ ಅದೇ ಕುಳಿಮಂದಿ ಅನ್ನ, ಅದೇ ಅಲ್‌ಫಹಮ್ ಕೋಳಿ, ಅದೇ ನೀಲಿ ದೀಪ. ಗಲ್ಫಿನ ದುಡಿಮೆಯ ಜತೆ ಗಲ್ಫಿನ ರುಚಿಯೂ ಬರುವುದು ಸಹಜ, ಅದರಲ್ಲಿ ಕೊರಗುವಂಥದ್ದಿಲ್ಲ. ಆದರೆ ಎಲ್ಲಿ ಕೂತರೂ ಏನು ಬರುತ್ತದೆಂದು ಮೊದಲೇ ಗೊತ್ತಿದ್ದರೆ ಅದಕ್ಕೆ ಸಾಹಸವೆಂಬ ಹೆಸರು ದುಬಾರಿ.

ನಿಜವಾಗಿ ಏನಾಗುತ್ತದೋ ಎಂಬ ಅಳುಕು ಇರುವುದು ಮನೆಯಲ್ಲೇ ಹಾಕಿಡುವ ಹಲಸಿನ ಉಪ್ಪು ಸೊಳೆಯ ಭರಣಿಯಲ್ಲಿ. ಮಳೆ ಹಿಡಿಯುವ ಮೊದಲು, ಬಲಿತಿದೆ ಆದರೆ ಹಣ್ಣಾಗಿಲ್ಲ ಎಂಬ ಹದದಲ್ಲಿ ಹಲಸಿನಕಾಯಿ ಇಳಿಸಬೇಕು. ಒಂದೆರಡು ದಿನ ತಡವಾದರೆ ಸೊಳೆ ಮೆತ್ತಗಾಗಿ ಕೆಲಸಕ್ಕೆ ಬಾರದು. ಕೈಗೂ ಕತ್ತಿಗೂ ತೆಂಗಿನೆಣ್ಣೆ ಸವರಿ, ಮೇಣ ಒರೆಸಿ ಒರೆಸಿ, ಸೊಳೆ ಬಿಡಿಸಿ, ಬೇಳೆ ತೆಗೆದು, ಉಪ್ಪು ಬೆರೆಸಿ ಭರಣಿಗೆ ಒತ್ತಿ ಮೇಲೆ ಭಾರ ಹೇರಬೇಕು. ಉಪ್ಪು ಕಮ್ಮಿಯಾದರೆ ಹುಳು, ಹೆಚ್ಚಾದರೆ ಎಷ್ಟು ನೆನೆಹಾಕಿದರೂ ಬಾಯಿಗಿಡಲಾಗದು. ಅಳತೆ ಎಲ್ಲೂ ಬರೆದಿಲ್ಲ, ಕೈ ಹೇಳಿದಷ್ಟು. ಸರಿಯೋ ತಪ್ಪೋ ತಿಳಿಯುವುದು ಆಟಿ ತಿಂಗಳಲ್ಲಿ, ಹೊರಗೆ ಮಳೆ ಬಿಡದೆ ಸುರಿಯುವಾಗ, ಭರಣಿಯ ಬಾಯಿ ಬಿಚ್ಚಿದ ಮೇಲೆ. ಆಗ ಅದು ತಾಳು ಎಂಬ ಪಲ್ಯ ಆಗುತ್ತದೆ, ರೊಟ್ಟಿಯಾಗುತ್ತದೆ, ಅಕ್ಕಿ ಕಾಯಿತುರಿ ಸೇರಿಸಿ ರುಬ್ಬಿ ಉಂಡೆ ಕಟ್ಟಿ ಕರಿದರೆ ಉಂಡ್ಲಕಾಳು ಆಗುತ್ತದೆ. ಅದೇ ಮರದ ಕಾಯಿಯಿಂದ ಹಪ್ಪಳವೂ ಆಗಬೇಕು. ಅದಕ್ಕೆ ಬಿಸಿಲಿನ ಜತೆ ಬೇರೆಯದೇ ಜೂಜು. 2018ರಲ್ಲಿ ಕೇರಳ ಹಲಸನ್ನು ರಾಜ್ಯದ ಹಣ್ಣೆಂದು ಸಾರಿತು. ಪೆರ್ಲ ಬಳಿಯ ವಾಣೀನಗರದಲ್ಲಿ ಕೂತು ಶ್ರೀಪಡ್ರೆಯವರು ‘ಅಡಿಕೆ ಪತ್ರಿಕೆ’ಯಲ್ಲಿ ಹಲಸಿಗೆ ಮಾನ ತರಲು ವರ್ಷಗಟ್ಟಲೆ ಬರೆದಿದ್ದಾರೆ. ಹಣ್ಣಿಗೆ ಮಾನ ಬಂತು. ಮೇಣ ಅಂಟಿದ ಕೈಗೆ ಬಂತೆ?

ನನ್ನ ತಕರಾರು ಇರುವುದು ಇಲ್ಲಿ. ಅಮ್ಮನ ಕೈರುಚಿ ಎಂದು ಹಾಡಿ ಹೊಗಳುವವರಲ್ಲಿ ಹೆಚ್ಚಿನವರು ಗಂಡಸರು, ಮತ್ತು ಅವರಲ್ಲಿ ಹೆಚ್ಚಿನವರು ಆ ಭರಣಿಯನ್ನು ತೊಳೆದವರಲ್ಲ. ಗಂಡಸಿಗೆ ಅಡುಗೆ ಬಾರದೆಂಬ ನೆವವೂ ನಮ್ಮ ಕಡೆ ನಿಲ್ಲದು. ಸಾವಿರ ಜನರ ಮದುವೆಗೆ ಹುಳಿ ಕುದಿಸುವವರು ಗಂಡಸರೇ, ದೇವಸ್ಥಾನದ ನೈವೇದ್ಯ ಬೇಯಿಸುವವರು ಗಂಡಸರೇ, ಉಡುಪಿ ಹೋಟೆಲುಗಳನ್ನು ದೇಶದ ಉದ್ದಗಲಕ್ಕೆ ಕಟ್ಟಿದವರೂ ಅವರೇ. ಸಂಬಳವೋ ಹೆಸರೋ ಪುಣ್ಯವೋ ಇದ್ದಲ್ಲಿ ಸೌಟು ಹಿಡಿಯುತ್ತಾರೆ. ಈ ಮೂರೂ ಇಲ್ಲದ ಕಡೆ ಅದು ಪ್ರೀತಿಯಾಗಿ ಹೆಂಗಸಿನ ಪಾಲಿಗೆ ಉಳಿಯುತ್ತದೆ. ಸಾಹಸವೆನ್ನಬೇಕಾದರೆ ಬೇಡವೆನ್ನುವ ಸ್ವಾತಂತ್ರ್ಯವೂ ಇರಬೇಕು. ಬೇಡವೆನ್ನಲಾರದವಳ ದುಡಿಮೆಯನ್ನು ಪರಂಪರೆ ಎಂದು ಕರೆದರೆ ಲಾಭ ಉಣ್ಣುವವನಿಗೆ ಮಾತ್ರ.

ಈ ಹೊಗಳಿಕೆಗೆ ಹೋಲಿಸಿದರೆ ಕೇರಳದ ಹೆಂಗಸರ ಸ್ವಸಹಾಯ ಸಂಘಟನೆಯಾದ ಕುಟುಂಬಶ್ರೀಯ ಜನಕೀಯ ಹೋಟೆಲುಗಳು ಹೆಚ್ಚು ಪ್ರಾಮಾಣಿಕ. 2020ರಲ್ಲಿ ಊಟಕ್ಕೆ 20 ರೂಪಾಯಿಯೆಂದು ಶುರುವಾದವು, 2023ರಲ್ಲಿ ಸರಕಾರದ ಸಹಾಯಧನ ನಿಂತ ಮೇಲೆ ಬೆಲೆ ಏರಿತು, ಕೆಲವು ಕಡೆ ತತ್ತರಿಸಿದವು. ಆದರೂ ಅಲ್ಲಿ ನಡೆದದ್ದು ಸಣ್ಣದಲ್ಲ. ಮನೆಯಲ್ಲಿ ಲೆಕ್ಕಕ್ಕೇ ಬಾರದಿದ್ದ ಅದೇ ಹೆಂಗಸಿನ ಅದೇ ಸಾಂಬಾರಿಗೆ ಗಲ್ಲಾ ಪೆಟ್ಟಿಗೆಯಲ್ಲಿ ಒಂದು ಅಂಕಿ ಬಿತ್ತು, ತಿಂಗಳ ಕೊನೆಗೆ ಅವಳ ಹೆಸರಿನ ಎದುರು ಕೂಲಿ ಬಂತು. ಅದು ಮನೆಯೂಟವೋ ಹೋಟೆಲೂಟವೋ ಎಂದು ವಾದಿಸುವವರು ಈ ಅಂಕಿಯನ್ನು ಎಲ್ಲಿ ಸೇರಿಸುತ್ತಾರೆಂದು ನೋಡಬೇಕು.

ಈಗ ಉಪ್ಪು ಸೊಳೆಯೂ ಹಪ್ಪಳವೂ ಪ್ಯಾಕೆಟಿನಲ್ಲಿ ಬದಿಯಡ್ಕದ ಅಂಗಡಿಗೂ ಬಂದಿವೆ. ಹಿತ್ತಿಲಿನ ವಸ್ತುವನ್ನು ದುಡ್ಡು ಕೊಟ್ಟು ತರುವ ಕಾಲ ಬಂತಲ್ಲ ಎಂದು ನಿಟ್ಟುಸಿರು ಬಿಡುವವರಿದ್ದಾರೆ. ನಾನು ಸಂತೋಷದಿಂದ ಕೊಳ್ಳುತ್ತೇನೆ, ಬಿಡುವಿದ್ದ ವರ್ಷ ಕತ್ತಿಗೆ ಎಣ್ಣೆಯನ್ನೂ ಸವರುತ್ತೇನೆ. ನನಗೆ ವಿಚಿತ್ರವೆನಿಸುವುದು ಬೇರೆ. ನಾಲ್ಕು ಜನ ಕುಳಿಮಂದಿ ತಿಂದು ಸಾವಿರಕ್ಕೆ ಮಿಕ್ಕಿದ ಬಿಲ್ಲನ್ನು ಕಣ್ಣು ಹಾಯಿಸದೆ ಕೊಟ್ಟು ಬಂದವರೇ, ಹಪ್ಪಳದ ಕಟ್ಟು ಹಿಡಿದು ಅಂಗಡಿಯವನಲ್ಲಿ ಹತ್ತು ರೂಪಾಯಿಗೆ ಚರ್ಚೆ ಮಾಡುತ್ತಾರೆ: ಇದಕ್ಕೇನಿದೆ ಅಷ್ಟು, ನಮ್ಮ ಮನೆಯಲ್ಲಿ ಸುಮ್ಮನೆ ಆಗುತ್ತಿತ್ತು.