ಗೋಡೆಗೆ ಬಾಗಿಲಿರಲಿ

ಗೋಡೆಯನ್ನು ಕಟ್ಟಲು ಕಲಿತಂದೇ ಮನುಷ್ಯನು ಬಾಗಿಲನ್ನು ಇಡಲೂ ಕಲಿತನು. ಬಾಗಿಲಿಲ್ಲದ ಗೋಡೆ ಮನೆಯಾಗದು; ಅದು ಸೆರೆಯಾದೀತು, ಇಲ್ಲವೆ ಗೋರಿಯಾದೀತು. ಮನೆಗೆ ಸಲ್ಲುವ ಈ ಮಾತು ರಾಜ್ಯಕ್ಕೂ ಸಲ್ಲುತ್ತದೆ. ಕಾನೂನು, ಕಚೇರಿ, ಗಡಿ, ಹದ್ದುಬಸ್ತು ಇವೆಲ್ಲವೂ ರಾಜ್ಯವು ಕಟ್ಟಿಕೊಂಡ ಗೋಡೆಗಳೇ ಸರಿ. ಇವಿಲ್ಲದೆ ಸಮಾಜವು ನಿಲ್ಲಲಾರದು. ಆದರೆ ಪ್ರಜೆಯ ಮೊರೆ ಒಳಹೊಗಲು ಈ ಗೋಡೆಗಳಲ್ಲಿ ಬಾಗಿಲೊಂದು ಇರಬೇಕು. ಆ ಬಾಗಿಲಿಗೇ ಪ್ರಜಾಪ್ರಭುತ್ವವೆಂದು ಹೆಸರು.

ಯಲಹಂಕದ ಜನರಿಗೆ ಇದನ್ನು ತಿಳಿಯಲು ದೂರದ ದೃಷ್ಟಾಂತವು ಬೇಕಿಲ್ಲ. ಯಲಹಂಕ ನಾಡಪ್ರಭು ಕೆಂಪೇಗೌಡರು 1537ರಲ್ಲಿ ಬೆಂಗಳೂರಿಗೆ ಮಣ್ಣಿನ ಕೋಟೆಯನ್ನು ಕಟ್ಟಿಸಿದಾಗ, ಅದರ ಉತ್ತರದ ಬಾಗಿಲು ಯಲಹಂಕದ ಹೆಸರನ್ನೇ ಹೊತ್ತಿತು. ಆ ಕೋಟೆಯ ಗೋಡೆ ಎಂದೋ ಮಣ್ಣುಪಾಲಾಯಿತು. ಬಾಗಿಲಿನ ಹೆಸರು ಮಾತ್ರ ಯಲಹಂಕ ಬಾಗಿಲು ಆಂಜನೇಯನ ಗುಡಿಯಲ್ಲಿ ಇಂದಿಗೂ ಉಳಿದಿದೆ. ಅದರ ಬಳಿಯ ಮೈಸೂರು ಬ್ಯಾಂಕ್ ವೃತ್ತವು ಸ್ವಾತಂತ್ರ್ಯ ಹೋರಾಟದ ಕಾಲದಿಂದಲೂ ಜನರು ಕೂಡಿ ದನಿಯೆತ್ತಿದ ತಾಣವಾಯಿತು. ಬಾಗಿಲಿದ್ದ ಕಡೆಯಲ್ಲೇ ಜನರ ದನಿಯೂ ಮೊಳಗಿದ್ದು ಅರ್ಥಪೂರ್ಣವಾದುದು.

ಅದೇ ಯಲಹಂಕದ ಮಗ್ಗುಲಿನ ಊರು ಕೋಗಿಲು. 2025ರ ಡಿಸೆಂಬರ್ 20ರಂದು, ಚಳಿಗಾಲದ ನಸುಕಿನಲ್ಲಿ, ಅಲ್ಲಿಯ ವಸೀಂ ಬಡಾವಣೆ ಮತ್ತು ಫಕೀರ್ ಕಾಲೊನಿಗಳಲ್ಲಿ ಯಂತ್ರಗಳು ಬಂದು ಬಡವರ ಮನೆಗಳನ್ನು ನೆಲಸಮಗೊಳಿಸಿದವು. ಅದು ಘನತ್ಯಾಜ್ಯ ಸಂಸ್ಕರಣೆಗೆಂದು ಮೀಸಲಾದ ಸರ್ಕಾರಿ ಭೂಮಿಯೆಂದೂ, ಅಲ್ಲಿ ನಡೆದುದು ಒತ್ತುವರಿಯ ತೆರವೆಂದೂ ಅಧಿಕಾರಿಗಳು ಹೇಳಿದರು. ತಾವು ವರ್ಷಗಳಿಂದ ಅಲ್ಲಿಯೇ ಬಾಳಿದವರೆಂದೂ, ತಕ್ಕ ಮುನ್ಸೂಚನೆಯಿಲ್ಲದೆ ಬೀದಿಗೆ ಬಿದ್ದೆವೆಂದೂ ನಿವಾಸಿಗಳು ಗೋಳಿಟ್ಟರು. ಪ್ರತಿಭಟನೆಯ ದನಿ ಎದ್ದಿತು; ಚರ್ಚೆಯು ನೆರೆಯ ಕೇರಳದವರೆಗೂ ಹಬ್ಬಿತು. ಕೆಲವೇ ದಿನಗಳಲ್ಲಿ ರಾಜ್ಯ ಸರ್ಕಾರವು, ದಾಖಲೆಗಳನ್ನು ಪರಿಶೀಲಿಸಿ ಅರ್ಹರಾದವರಿಗೆ ಬೈಯಪ್ಪನಹಳ್ಳಿಯಲ್ಲಿ ಮನೆಗಳನ್ನು ಕೊಡುವುದಾಗಿ ಪ್ರಕಟಿಸಿತು.

ಈ ಪ್ರಸಂಗದಲ್ಲಿ ಯಾರದು ಎಷ್ಟು ಸರಿ ಎಂಬುದನ್ನು ತೂಗಿ ನೋಡಲು ನ್ಯಾಯಾಲಯಗಳಿವೆ. ಸರ್ಕಾರದ ಭೂಮಿಯನ್ನು ಕಾಯುವುದು ಅಧಿಕಾರಿಯ ಧರ್ಮವೆಂಬುದೂ ನಿರ್ವಿವಾದ. ಕೆರೆ ಗೋಮಾಳಗಳು ಬಲ್ಲಿದರ ಪಾಲಾಗುತ್ತಿರುವುದನ್ನು ಕಂಡವರು, ಒತ್ತುವರಿಯನ್ನು ತೆರವು ಮಾಡಬೇಡಿರೆಂದು ಹೇಳಲಾರರು. ವಿಚಾರಿಸಬೇಕಾದುದು ಕ್ರಮದ ಮಾತು. ಯಾರು ಅರ್ಹರು, ಎಷ್ಟು ಕಾಲದಿಂದ ಇದ್ದಾರೆ, ಅವರಿಗೆ ಬೇರೆ ನೆಲೆಯುಂಟೇ ಎಂಬ ಪರಿಶೀಲನೆಯು ಗೋಡೆಗಳು ಬಿದ್ದ ಮೇಲೆ ನಡೆಯಿತು. ಅದೇ ಪರಿಶೀಲನೆ ಗೋಡೆಗಳು ನಿಂತಿದ್ದಾಗಲೇ ನಡೆದಿದ್ದರೆ ಭೂಮಿಯೂ ಉಳಿಯುತ್ತಿತ್ತು, ಸರ್ಕಾರದ ಗೌರವವೂ ಉಳಿಯುತ್ತಿತ್ತು, ಕೂಸುಗಳು ಚಳಿಯಲ್ಲಿ ನಡುಗುವುದೂ ತಪ್ಪುತ್ತಿತ್ತು. ಮೊದಲು ಕೇಳುವುದು, ಆಮೇಲೆ ಕೆಡಹುವುದು: ನ್ಯಾಯದ ಕ್ರಮವು ಇಷ್ಟೇ.

ಇದು ಕರುಣೆಯ ಮಾತೆಂದು ತಳ್ಳಿಹಾಕುವಂತಿಲ್ಲ. ಇದು ಕಾನೂನಿನ ಮಾತೇ ಆಗಿದೆ. ಮುಂಬಯಿಯ ಕಾಲುದಾರಿಗಳಲ್ಲಿ ಬಾಳುತ್ತಿದ್ದ ಬಡವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1985ರಲ್ಲಿ, ಜೀವಿಸುವ ಹಕ್ಕಿನಲ್ಲಿ ಜೀವನೋಪಾಯದ ಹಕ್ಕೂ ಅಡಗಿದೆಯೆಂದು ಸಾರಿತು. ಕಾಲುದಾರಿಯನ್ನು ಆಕ್ರಮಿಸುವ ಹಕ್ಕು ಯಾರಿಗೂ ಇಲ್ಲವೆಂದು ಅದೇ ತೀರ್ಪು ಹೇಳಿತಾದರೂ, ಎಬ್ಬಿಸುವ ಮುನ್ನ ಅವರ ಅಹವಾಲನ್ನು ಕೇಳುವುದು ನ್ಯಾಯವೆಂಬುದನ್ನೂ ಎತ್ತಿಹಿಡಿಯಿತು. 2024ರ ನವೆಂಬರ್ 13ರಂದು ಅದೇ ನ್ಯಾಯಾಲಯವು, ಕಟ್ಟಡಗಳನ್ನು ಕೆಡಹುವ ಮುನ್ನ ಕನಿಷ್ಠ 15 ದಿನಗಳ ನೋಟೀಸನ್ನು ಕೊಡಬೇಕೆಂದು ವಿಧಿಸಿತು. ರಸ್ತೆ, ಕಾಲುದಾರಿ, ಜಲಮೂಲಗಳಂಥ ಸಾರ್ವಜನಿಕ ಸ್ಥಳಗಳನ್ನು ಈ ವಿಧಿಯಿಂದ ಹೊರಗಿಟ್ಟಿತು. ಕಾನೂನಿನ ಅಕ್ಷರವು ಯಾವ ಸ್ಥಳಕ್ಕೆ ಅನ್ವಯಿಸಿದರೂ, ಅದರ ಆಶಯವು ಎಲ್ಲ ಕಡೆಗೂ ಸಲ್ಲುವಂಥದು.

ಇನ್ನು, ಕೇಳುವ ಕಿವಿ ತಾನಾಗಿ ತೆರೆಯದಿದ್ದಾಗ ಪ್ರಜೆಯು ಎಲ್ಲಿ ನಿಂತು ಮೊರೆಯಿಡಬೇಕು? ಬೆಂಗಳೂರು ಇದಕ್ಕೆ ಕೊಟ್ಟ ಉತ್ತರವು ವಿಚಾರಾರ್ಹವಾದುದು. ಶೇಷಾದ್ರಿ ರಸ್ತೆಯ ಬಳಿ ಹಿಂದೆ ಕೇಂದ್ರ ಕಾರಾಗೃಹವಿತ್ತು. 1975ರ ಜೂನ್ 25ರ ರಾತ್ರಿ ತುರ್ತುಪರಿಸ್ಥಿತಿಯು ಘೋಷಿತವಾದಾಗ, ಸಂಸದೀಯ ಸಮಿತಿಯ ಸಭೆಗೆಂದು ಬೆಂಗಳೂರಿಗೆ ಬಂದಿದ್ದ ಅಟಲ್ ಬಿಹಾರಿ ವಾಜಪೇಯಿ, ಲಾಲ್ ಕೃಷ್ಣ ಆಡ್ವಾಣಿ, ಮಧು ದಂಡವತೆ ಮೊದಲಾದವರನ್ನು ಬಂಧಿಸಿ ಇದೇ ಸೆರೆಮನೆಯಲ್ಲಿ ಇಡಲಾಯಿತು. ‘ಸಂಸ್ಕಾರ’ ಚಲನಚಿತ್ರದ ನಟಿ ಸ್ನೇಹಲತಾ ರೆಡ್ಡಿಯವರು 1976ರಲ್ಲಿ ಇಲ್ಲಿ ಬಂದಿಯಾದರು. ಉಬ್ಬಸದಿಂದ ಬಳಲಿ, 1977ರ ಜನವರಿಯಲ್ಲಿ ಹೊರಬಂದ ಕೆಲವೇ ದಿನಗಳಲ್ಲಿ ಅಸುನೀಗಿದರು. ವಿಚಾರಣೆಯಿಲ್ಲದ ಬಂಧನವು ಏನನ್ನು ಮಾಡಬಲ್ಲುದೆಂಬುದಕ್ಕೆ ಆ ಸಾವೊಂದೇ ಸಾಕ್ಷಿಯಾಗಿದೆ. ಆ ವರ್ಷದ ಮಾರ್ಚ್ ತಿಂಗಳಿನಲ್ಲಿ ಮತದಾರರು, ಯಾವ ಗೋಡೆಯನ್ನೂ ಒಡೆಯದೆ, ಮತಪತ್ರದಿಂದಲೇ ಬಾಗಿಲನ್ನು ತೆರೆದರು.

ಮುಂದೆ ಕಾರಾಗೃಹವು ಪರಪ್ಪನ ಅಗ್ರಹಾರಕ್ಕೆ ಹೋಯಿತು. ಹಳೆಯ ಆವರಣವು 2008ರಲ್ಲಿ ಸ್ವಾತಂತ್ರ್ಯ ಉದ್ಯಾನವಾಗಿ ಜನರಿಗೆ ತೆರೆಯಿತು. ದನಿಗಳನ್ನು ಅಡಗಿಸಿದ ಗೋಡೆಗಳ ನಡುವೆಯೇ ದನಿಯೆತ್ತಲು ಜಾಗ ದೊರೆಯಿತು. ಇದು ಸಂತೋಷಪಡತಕ್ಕ ಸಂಗತಿ. ಆದರೆ 2021ರಲ್ಲಿ ಹೊರಟ ಆದೇಶವೊಂದು ನಗರದ ಪ್ರತಿಭಟನೆಗಳನ್ನೆಲ್ಲ ಆ ಉದ್ಯಾನವೊಂದಕ್ಕೇ ಸೀಮಿತಗೊಳಿಸಿತು. ತೆರೆದ ಬಾಗಿಲು ಹೀಗೆ ಮತ್ತೆ ಕಿರಿದಾಯಿತು.

ಈ ಆದೇಶಕ್ಕೂ ಕಾರಣವಿಲ್ಲದಿಲ್ಲ. ಮೆರವಣಿಗೆಯ ದಟ್ಟಣೆಯಲ್ಲಿ ಸಿಕ್ಕಿಕೊಂಡ ರೋಗಿಯ ವಾಹನ, ಪರೀಕ್ಷೆಗೆ ತಡವಾದ ವಿದ್ಯಾರ್ಥಿ, ದಿನದ ಕೂಲಿಯನ್ನು ಕಳೆದುಕೊಂಡ ಶ್ರಮಿಕ ಇವರೂ ಪ್ರಜೆಗಳೇ. ಆಯುಧವಿಲ್ಲದೆ ಶಾಂತಿಯಿಂದ ಸಭೆ ಸೇರುವ ಹಕ್ಕನ್ನು ಸಂವಿಧಾನದ 19ನೆಯ ಅನುಚ್ಛೇದವು ಕೊಡುವಾಗ, ಯುಕ್ತವಾದ ನಿರ್ಬಂಧಗಳಿಗೂ ಅವಕಾಶವನ್ನು ಇಟ್ಟಿದೆ. ಆದರೆ ನಿರ್ಬಂಧವು ಯುಕ್ತವಾಗಬೇಕಾದರೆ, ಮೊರೆಯಿಡುವ ತಾಣವು ನೊಂದವನ ಕೈಗೆಟಕುವಂತಿರಬೇಕು. ಕೋಗಿಲಿನಲ್ಲಿ ಸೂರು ಕಳೆದುಕೊಂಡ ತಾಯಿ, ಮಗುವನ್ನು ಎತ್ತಿಕೊಂಡು, ಸುಮಾರು 15 ಕಿಲೋಮೀಟರ್ ದೂರದ ಹಳೆಯ ಸೆರೆಮನೆಯ ಅಂಗಳಕ್ಕೆ ಹೋಗಿಯೇ ಅಳಬೇಕೆಂದರೆ ಅದು ನ್ಯಾಯವೆನಿಸದು. ನೋವೊಂದು ಕಡೆ, ದನಿಯೊಂದು ಕಡೆ, ಕೇಳುವವರು ಮತ್ತೊಂದು ಕಡೆ ಆದರೆ ಪ್ರತಿಭಟನೆಯು ಬರಿಯ ಆಚರಣೆಯಾಗಿಬಿಡುತ್ತದೆ.

ಇದಕ್ಕೆ ಪರಿಹಾರವು ಅಸಾಧ್ಯವೇನಲ್ಲ. 2025ರ ಸೆಪ್ಟೆಂಬರಿನಲ್ಲಿ ಬೆಂಗಳೂರಿಗೆ ಐದು ನಗರಪಾಲಿಕೆಗಳು ಬಂದವು. ಆಡಳಿತವು ಜನರ ಹತ್ತಿರಕ್ಕೆ ಬರಬೇಕೆಂಬುದು ಅದರ ಉದ್ದೇಶವಾದರೆ, ಅಹವಾಲಿನ ಅಂಗಳವೂ ಹತ್ತಿರಕ್ಕೆ ಬರಲಿ. ಐದು ಪಾಲಿಕೆಗಳಲ್ಲಿಯೂ, ಸಂಚಾರಕ್ಕೆ ಅಡ್ಡಿಯಾಗದ ಬಯಲೊಂದು ಶಾಂತಿಯುತ ಪ್ರತಿಭಟನೆಗೆ ಮೀಸಲಾಗಲಿ. ಅಲ್ಲಿಗೆ ಹೊಣೆಯುಳ್ಳ ಅಧಿಕಾರಿಯೊಬ್ಬರು ಬಂದು ಮನವಿಯನ್ನು ಕೈಯಾರೆ ಸ್ವೀಕರಿಸಲಿ. ಗೊತ್ತಾದ ದಿನದೊಳಗೆ ಲಿಖಿತ ಉತ್ತರವನ್ನು ಕೊಡಲಿ. ಉತ್ತರವು ‘ಆಗದು’ ಎಂದಿದ್ದರೂ ಚಿಂತೆಯಿಲ್ಲ. ಕಾರಣವನ್ನು ತಿಳಿಸಿದ ನಿರಾಕರಣೆಯು ಮೌನಕ್ಕಿಂತ ಎಷ್ಟೋ ಮೇಲು.

ಪ್ರತಿಭಟಿಸುವವರಿಗೂ ಹೊಣೆಯುಂಟು. ಬಸ್ಸಿಗೆ ಕಲ್ಲೆಸೆಯುವುದು, ಹಾದಿಹೋಕರನ್ನು ಬೆದರಿಸುವುದು, ಸುಳ್ಳು ಸುದ್ದಿಯನ್ನು ಹರಡುವುದು ಇವು ಬಾಗಿಲನ್ನು ಮುಚ್ಚುವವರಿಗೆ ನೆಪವನ್ನು ಒದಗಿಸುತ್ತವೆ. ಸತ್ಯಾಗ್ರಹದಲ್ಲಿ ಆಗ್ರಹಕ್ಕಿಂತ ಮೊದಲು ಸತ್ಯವಿದೆಯೆಂಬುದನ್ನು ಮರೆಯಲಾಗದು.

ಇದನ್ನು ಕಲಿಸುವ ಭಾರವು ಕೊನೆಗೆ ಶಾಲೆಯ ಮೇಲೆಯೇ ಬೀಳುತ್ತದೆ. ಪೌರನೀತಿಯ ಪಾಠದಲ್ಲಿ ಹಕ್ಕುಗಳ ಪಟ್ಟಿಯನ್ನು ಬಾಯಿಪಾಠ ಮಾಡಿಸಿದರೆ ಸಾಲದು. ಒಂದು ಅಹವಾಲನ್ನು ಸತ್ಯವಾಗಿ, ಸ್ಪಷ್ಟವಾಗಿ, ವಿನಯದಿಂದ ಬರೆಯುವುದು ಹೇಗೆಂಬುದನ್ನು ಭಾಷೆಯ ತರಗತಿಯಲ್ಲಿಯೇ ಅಭ್ಯಾಸ ಮಾಡಿಸಬೇಕು. ಹುಡುಗನೊಬ್ಬನು ಪಾಠದ ನಡುವೆ ಎದ್ದು ಸಂಶಯವನ್ನು ಕೇಳಿದರೆ ಅದನ್ನು ಅವಿಧೇಯತೆಯೆಂದು ಬಗೆಯಬಾರದು. ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರು ಕಚೇರಿಗಳಲ್ಲಿ ಮೇಜಿನ ಆಚೆಬದಿಗೆ ಕುಳಿತವರು. ಈಚೆಬದಿಗೆ ನಿಂತವನ ಮಾತು ಮುಗಿಯುವವರೆಗೆ ತಾಳಿಕೊಳ್ಳುವುದೇ ಅವರು ಕಲಿತ ವಿದ್ಯೆಗೆ ಸಲ್ಲಿಸುವ ಗುರುದಕ್ಷಿಣೆ. ಉದಾರಿಗಳಾದ ದಾನಿಗಳ ಹೆಸರುಗಳನ್ನು ಶಾಲೆಗಳ ಗೋಡೆಗಳ ಮೇಲೆ ಕೆತ್ತುವುದುಂಟು, ಅದು ಯೋಗ್ಯವೇ. ಆ ಗೋಡೆಗಳ ಬಾಗಿಲುಗಳು ಮೊನ್ನೆ ಸೂರು ಕಳೆದುಕೊಂಡವರ ಮಕ್ಕಳಿಗೂ ತೆರೆದಿದ್ದರೆ, ಕೆತ್ತಿದ ಹೆಸರುಗಳಿಗೆ ಅದಕ್ಕಿಂತ ಹೆಚ್ಚಿನ ಶೋಭೆ ಬೇರೆ ಬೇಕಿಲ್ಲ.